ಎದುರು ಮನೆಯ ಕಿಟಕಿ

ಪುಣೆಯ ಸದಾಶಿವ ಪೇಠದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಹಳಷ್ಟು ಅಂಗಡಿಗಳ ಬಾಗಿಲು ಇಳಿದಿರುತ್ತದೆ. ಅಂಥ ಹೊತ್ತಿನಲ್ಲಿ, ಒಂದು ಓಣಿಯ ಮೂರನೆಯ ಮಹಡಿಯಲ್ಲಿ, ಕಾಟಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಖೋಲಿಯೊಂದರಲ್ಲಿ ನಡೆದ ಮಾತು ಇದು. ಒಬ್ಬರು ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಎದುರಿನ ವಾಡೆಗೆ ಬಂದು, ಅಲ್ಲಿಯೇ ತಲೆ ನರೆತವರು. ಕೈಯಲ್ಲಿ ಕ್ಯಾಮೆರಾ. ಇನ್ನೊಬ್ಬ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹುಡುಗ. ಊರಿನ ಕನ್ನಡ ಶಾಲೆಯಲ್ಲಿ ಓದಿ, ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆಂದು ಇಲ್ಲಿಗೆ ಬಂದವನು.

– ಒಳಗ ಬರಲೇನಪಾ? ಓದೂದಕ್ಕ ತ್ರಾಸ ಆಗ್ತದೋ ಏನೋ.

– ಬರ್ರಿ ಅಜ್ಜಿ. ಗೆಳ್ಯಾರೆಲ್ಲಾ ಮೆಸ್ಸಿಗೆ ಹೋಗ್ಯಾರು. ತಡೀರಿ, ಕುಂಡ್ರಾಕ ಜಾಗಾ ಮಾಡ್ತೀನಿ, ಪುಸ್ತಕ ಸರಸ್ತೀನಿ.

– ಕೂಡೂದು ಆಮ್ಯಾಲೆ. ಮೊದಲ ಕಿಟಕಿ ತೋರಸು. ಹಾಂ! ಇಲ್ಲಿಂದ ಪೂರಾ ಕಾಣಸ್ತದ ನೋಡು, ತಳಗಲ್ಲಿನಿಂದ ಹಂಚಿನ ತನಕಾ. ಆ ಮನ್ಯಾಗ ಎರಡು ಖೋಲ್ಯಾಗ ಬಾಳೇವು ಮಾಡಿ ಮುದುಕಿ ಆದೆ. ಅದರ ಮಾರಿ ಪೂರಾ ನೋಡಿದ್ದು ಇವತ್ತ.

– ದಿನಾ ಹೋಗಿ ಬಂದು ಮಾಡೂ ಮನೀರಿ. ನೋಡಿಲ್ಲಂದ್ರ ಹೆಂಗ?

– ಓಣಿ ಎಷ್ಟ ಸಣ್ಣದದ ನೋಡು. ಬಾಗಲದ ಮುಂದ ನಿಂತು ಕ್ಯಾಮೆರಾ ಹಿಡದ್ರ ಬಾಗಲಾ ಒಂದ ಬರ್ತದ. ಮ್ಯಾಲಿನ ಅಂತಸ್ತು ಬೇಕಂದ್ರ ಕ್ಯಾಮೆರಾದ ಮಾರಿ ಮ್ಯಾಲೆ ಮಾಡಬೇಕು. ಹಂಗ ಮಾಡಿದ್ರ ಕಂಬ ಎಲ್ಲಾ ಹಿಂದಕ್ಕ ವಾಲ್ತಾವ, ನೆಟ್ಟಗ ನಿಂತ ಮನಿ ಚಿತ್ರದಾಗ ಬೀಳಲಿಕ್ಕೆ ಹತ್ತಿದಂಗ ಕಾಣಸ್ತದ. ಮಟ್ಟಸ ಹಿಡೀಬೇಕಂದ್ರ ಹಿಂದ ಸರೀಬೇಕು, ಸರದ್ರ ಬೆನ್ನಿಗೆ ಎದುರಿನವರ ಗ್ವಾಡಿ. ಹಿಂಗಾಗಿ ಈ ಪೇಠದಾಗ ಯಾವ ಮನೀದು ಪೂರಾ ಚಿತ್ರ ಬೇಕಾದರೂ ಎದುರು ಮನಿ ಮೆಟ್ಟಲಾ ಹತ್ತಬೇಕು, ಕದಾ ಬಡೀಬೇಕು, ನಿಮ್ಮ ಕಿಟಕಿ ಹತ್ತು ಮಿನಿಟು ಕೊಡ್ರಿ ಅಂತ ಕೇಳಬೇಕು.

– ಕೊಡ್ತಾರೇನ್ರಿ? ಸದಾಶಿವ ಪೇಠದ ಮಂದಿ ಬಗ್ಗೆ ನಮ್ಮೂರ ತನಕಾ ಮಾತು ಬಂದಾವು. ಗೇಟಿಗೆಲ್ಲಾ ಪಾಟಿ ಬರದು ಹಚ್ಚಿರ್ತಾರು. ಬೆಲ್ ಒಮ್ಮೆ ಮಾತ್ರ ಒತ್ತರಿ, ಇಲ್ಲೆ ಗಾಡಿ ನಿಲ್ಲಸಬ್ಯಾಡ್ರಿ, ಯಾರ ಪತ್ತಾನೂ ಕೇಳಬ್ಯಾಡ್ರಿ ಅಂತ.

– ಪಾಟಿ ಹಚ್ಚೂದು ಖರೆ. ಕದಾ ತಗೀಯೂದೂ ಖರೆ. ನಾ ಮೊದಲನೇ ಸಲ ಹೋದದ್ದು ಮೂಲ್ಯಾಗಿನ ಮನೀಗೆ. ಯಜಮಾನರು ಅರ್ಧಾ ತಾಸು ನನ್ನ ಪರೀಕ್ಷಾ ತಗೊಂಡರು: ಚಿತ್ರ ಯಾಕ ಬೇಕು, ಯಾರಿಗೆ ಕೊಡತೀರಿ, ಬಿಲ್ಡರ್ ಕಡಿಂದ ಬಂದೀರೇನು. ಅವರ ಹೆಂಡತಿ ಅಡಗಿಮನಿಯಿಂದ ಹೊರಗ ಬಂದು, ಕಿಟಕಿ ಪಡದಾ ತಾವ ಸರಸಿದರು. ಸರಸಿ ಅಂದರು: ಈ ಕಿಟಕಿಯಿಂದ ನಿಮ್ಮ ಮನಿ ನನಗ ದಿನಾ ಕಾಣಸ್ತದ. ನಿಮ್ಮ ಅತ್ತಿ ಹೋದ ದಿನಾ ಸಂಜೀಗೆ ನಿಮ್ಮ ಮನ್ಯಾಗ ದೀಪ ಹತ್ತಲಿಲ್ಲ, ಅದಕ್ಕ ಪಿಠಲಾ-ಭಾಕ್ರಿ ಕಳಸಿದ್ದೆ. ಅವತ್ತು ಯಾರೋ ಹುಡುಗಾ ಡಬ್ಬಿ ಕೊಟ್ಟು ಓಡಿ ಹೋಗಿದ್ದ, ಯಾರ ಮನೀದು ಅಂತ ನಮಗ ಗೊತ್ತಾಗಿರಲೇ ಇಲ್ಲ. ಡಬ್ಬಿ ನಮ್ಮಲ್ಲೇ ಉಳದಿತ್ತು. ಎಷ್ಟೋ ವರ್ಷದ ಮ್ಯಾಲೆ, ಒಂದು ಚಿತ್ರ ತಗೀಲಿಕ್ಕೆ ಹೋಗಿ, ಡಬ್ಬಿ ಯಾರದು ಅಂತ ಗೊತ್ತಾತು.

– ಹೊಳ್ಳಿ ಕೊಟ್ರೇನು?

– ಚಕ್ಕುಲಿ ತುಂಬಿ ಕೊಟ್ಟೆ. ಬರೇ ಡಬ್ಬಿ ಹೆಂಗ ಕೊಡೂದು? ಅಲ್ಲಿಂದ ಮುಂದ ಕಿಟಕಿ ಕೇಳಲಿಕ್ಕೆ ನನಗ ಸಂಕೋಚ ಹೋತು. ಒಂದೊಂದ ಕಿಟಕಿಯಿಂದ ಒಂದೊಂದ ಮನಿ. ಯಾರ ಮನಿ ಚಿತ್ರ ತಗದರೂ ಪ್ರಿಂಟು ಎರಡ ಮಾಡಸ್ತೇನಿ, ಒಂದು ಆ ಮನೀಯವರಿಗೆ, ಇನ್ನೊಂದು ಕಿಟಕಿ ಕೊಟ್ಟವರಿಗೆ.

– ಅಜ್ಜಿ, ಮಂದಿ ಮುಂಜಾನೆ ಇಲ್ಲಾ ಸಂಜೀಕ ಫೋಟೋ ತಗೀತಾರಂತ ಕೇಳೀನಿ. ನೀವು ಹಿಂಥಾ ಬಿಸಲಾಗ ಬಂದೀರಿ.

– ಬಯಲಿಗೆ ಆ ಮಾತು ಖರೆ. ಇಲ್ಲೆ ಎರಡೂ ಕಡೆ ನಾಕ ನಾಕ ಅಂತಸ್ತು ಎದ್ದಾವ. ಮುಂಜಾನಿ ಬಿಸಲು ಮ್ಯಾಲಿನ ಟಾಕಿಗೆ ಬಡದು ಹೋಗ್ತದ, ಸಂಜೀದೂ ಹಂಗ. ನೆಲಾ ಮುಟ್ಟಬೇಕಂದ್ರ ಸೂರ್ಯ ನೆತ್ತಿ ಮ್ಯಾಲೆ ಬರಬೇಕು. ಆಗ ಸ್ವಲ್ಪ ಹೊತ್ತು ಬಾಗಲದ ಕೆತ್ತನಿ, ಕಟ್ಟಿ, ಕಟ್ಟಿ ಮ್ಯಾಲೆ ಮಲಗಿದ ಬೆಕ್ಕು ಎಲ್ಲಾ ಬೆಳಗ್ತಾವ. ಗಾಡಿ ಗದ್ದಲಾನೂ ಕಡಿಮಿ. ಇನ್ನೂ ಒಂದ ಕಾರಣ ಅದ. ನಮ್ಮ ಕಾಲದ ಹೆಣ್ಣಮಕ್ಕಳಿಗೆ ತಮ್ಮದು ಅಂತ ಸಿಗತಿದ್ದ ಹೊತ್ತು ಇದ ಒಂದು. ಮುಸರಿ ಆಗಿ, ಗಂಡಸರು ಮಲಗಿ, ಸಂಜೀ ಚಹಾದ ತನಕಾ. ಆ ಹೊತ್ತನ್ನ ನಾ ಇವತ್ತಿಗೂ ಯಾರಿಗೂ ಬಿಟ್ಟುಕೊಡೂದಿಲ್ಲ.

– ಮತ್ತ ಈ ವಾಡೆ ಯಾವಾಗಿಂದ್ರಿ? ಪೇಠ ಕಟ್ಟಿದ್ದು ಮೊದಲನೇ ಮಾಧವರಾವ ಪೇಶ್ವೆ, 1769. ಪಾಣಿಪತದಾಗ ಸತ್ತ ಸದಾಶಿವರಾವ ಭಾವೂನ ಹೆಸರು ಇಟ್ಟಿದ್ದು. ಪಾಣಿಪತ 1761, ಜನವರಿ 14. ನಮಗ ಇವು ಬಾಯಿಪಾಠ.

– ಪೇಠದಷ್ಟು ಹಳೇದಲ್ಲ ಇದು. ಆದ್ರ ಕಟ್ಟಿದ ರೀತಿ ಅದೇ. ಕೆಳಗ ಕರೀ ಕಲ್ಲು, ಅದರ ಮ್ಯಾಲೆ ಸಾಗವಾನಿ ಕಂಬ, ಕಂಬದ ನಡುವ ಇಟ್ಟಂಗಿ. ಭಾರ ಎಲ್ಲಾ ಕಟಗಿ ಹೊರ್ತದ, ಗ್ವಾಡಿ ಬರೇ ಮರಿ. ಅದಕ್ಕ ಇಟ್ಟಂಗಿ ಉದುರಿದರೂ ಮನಿ ಎಷ್ಟೋ ವರ್ಷ ನಿಲ್ತದ. ಕಂಬದ ಬುಡಕ್ಕ ನೀರು ಹೊಕ್ಕರ ಮಾತ್ರ ಒಂದ ಮಳಿಗಾಲ ಸಾಕು. ದೊಡ್ಡ ಬಾಗಲದಾಗ ಸಣ್ಣ ದಿಂಡಿ ಬಾಗಲಾ, ಒಳಗ ಚೌಕ, ಸುತ್ತ ಓಸರಿ. ನಮ್ಮ ಧಾರವಾಡದ ಪಡಸಾಲಿ, ಮಾಡ, ಜಂತಿ ಎಲ್ಲಾ ಇಲ್ಲೆ ಹೆಸರು ಬದಲು ಮಾಡಿಕೊಂಡು ಕೂತಾವ ಅನಸ್ತಿತ್ತು, ಹೊಸದಾಗಿ ಬಂದಾಗ.

– ವಿಶ್ರಾಮಬಾಗ ವಾಡೆ ನೋಡೀನ್ರಿ. ಬಾಜೀರಾವ ರಸ್ತೆದಾಗ. ಎರಡನೇ ಬಾಜೀರಾವ ಕಟ್ಟಿಸಿದ್ದು, 1807. ಇಂಗ್ಲಿಷರು ಬಂದ ಮ್ಯಾಲ ಅದರಾಗ 1821 ರಾಗ ಸಂಸ್ಕೃತ ಪಾಠಶಾಲಾ ತಗದ್ರು, ಮುಂದ ಅದು ಡೆಕ್ಕನ್ ಕಾಲೇಜ ಆತು. ಭಾನುವಾರ ಬಂತಂದ್ರ ಅದರ ಮುಂದ ಫೋಟೋ ತಗಿಯೋರದು ಪಾಳಿ ಇರ್ತೈತಿ.

– ತಗೀಲಿ, ಚೊಲೋ ಮನಿ ಅದು. ಸುರು ಗಿಡದ ಆಕಾರದ ಆ ಕಟಗಿ ಕಂಬ, ಮ್ಯಾಲಿನ ಸಜ್ಜಾ, ಎಷ್ಟ ಸಲ ನೋಡಿದರೂ ಕಣ್ಣು ತಣೀತಾವ. ಆದ್ರ ಎಲ್ಲಾರೂ ಬೀದಿ ಕಡೇದು ತಗೀತಾರ. ನಾ ಮೊದಲ ತಗದದ್ದು ನಮ್ಮ ಅಡಗಿಮನಿ ಛತ್ತು. ಮಸಿ ಹಿಡದು ಜಂತಿ ಎಲ್ಲಾ ಕರ್ರಗ ಹೊಳೀತಿದ್ದವು. ಆಮ್ಯಾಲೆ ಚೌಕದಾಗಿನ ನಳಾ. ಎಂಟು ಬಿಡಾರಕ್ಕ ಒಂದ ನಳಾ. ಅದರ ಮುಂದಿನ ಹಾಸಗಲ್ಲು ಕೊಡಾ ಇಟ್ಟು ಇಟ್ಟು ಬಟ್ಟಲದಂಗ ತಗ್ಗಾಗ್ಯದ. ಆ ತಗ್ಗು ತೋಡಿದ್ದು ನಾನು, ನಮ್ಮ ಅತ್ತಿ, ಬಾಜೂ ಬಿಡಾರದವರು, ಅವರ ಅತ್ತಿ. ಹೆಸರಿನ ಕಲ್ಲು ಬಾಗಲದ ಮ್ಯಾಲೆ ಮಾಲಕರದದ. ನಮ್ಮದು ಅಂತ ಆ ಮನ್ಯಾಗ ಉಳದದ್ದು ಆ ತಗ್ಗು.

– ಅದನ್ನ ನೋಡಿದವರು ಏನಂತಾರ್ರಿ?

– ಹರೇದ ಹುಡುಗ್ಯಾರು ‘ಎಷ್ಟ ಛಂದ’ ಅಂತಾರ. ಅಂದಾಗ ನನಗ ಸಿಟ್ಟು ಬರ್ತದ. ಛಂದ ಏನು ಬಂತು? ಆ ಅಡಗಿಮನ್ಯಾಗ ಹಗಲು ಹನ್ನೆರಡಕ್ಕೂ ದೀಪಾ ಹಚ್ಚಬೇಕಾಗಿತ್ತು. ಸಂಡಾಸಿಗೆ ಹೋಗಲಿಕ್ಕೆ ಚೌಕಾ ದಾಟಿ, ಎಲ್ಲಾರ ಕಣ್ಣಮುಂದ, ಕೈಯಾಗ ಡಬ್ಬಿ ಹಿಡದು ಹೋಗಬೇಕು. ಮದಿವ್ಯಾದ ಹೊಸತಿನಾಗ ಗಂಡಾ-ಹೆಂಡ್ತಿ ಎರಡ ಮಾತು ಆಡಲಿಕ್ಕೆ ಗಚ್ಚಿ ಮ್ಯಾಲೆ ಹೋಗಬೇಕು, ಅಲ್ಲೆ ಯಾರರ ಹಪ್ಪಳಾ ಒಣಾ ಹಾಕಲಿಕ್ಕೆ ಹತ್ತಿರತಿದ್ದರು. ಹಿತ್ತಲದ ಖೋಲ್ಯಾಗ ನಮ್ಮ ಮಾವನವರ ಅಕ್ಕ ಇದ್ದರು. ಬಾಲವಿಧವಾ. ಅವರು ಬೀದಿ ಕಡೆ ಬಂದದ್ದು ನಾ ನೋಡೇ ಇಲ್ಲ. ಕೆತ್ತನಿ ಕಂಬದ ಮನೀ ಒಳಗ ಆ ಖೋಲಿನೂ ಇತ್ತು. ಎರಡೂ ಚಿತ್ರ ಬಾಜೂ ಬಾಜೂ ಇಡಬೇಕು. ಒಂದ ಇಟ್ಟರ ಸುಳ್ಳು ಹೇಳಿದಂಗ.

– ಹಂಗಿದ್ರ ಈ ವಾಡೆ ಕೆಡವ್ತಾರಂತಲ್ರಿ, ಅದು ಚೊಲೋನ ಆತು.

– ಅಷ್ಟ ಸರಳ ಅದೇನೋ? ಕೂಡು, ಹೇಳತೇನಿ. 1947 ರಾಗ ಮುಂಬೈ ಪ್ರಾಂತದ ಬಾಡಿಗಿ ಕಾಯ್ದೆ ಬಂತು. ಬಾಡಿಗಿ 1940 ರ ಮಟ್ಟಕ್ಕ ನಿಲ್ಲಸಿದರು. ನಮ್ಮಂಥ ಬಡ ಕಾರಕೂನರ ಮನಿ ಉಳದದ್ದು ಅದರಿಂದ. ಇಲ್ಲಂದ್ರ ಈ ಪೇಠದಾಗ ನಾವೆಲ್ಲಿ ಇರತಿದ್ದಿವಿ? ಆದ್ರ ಮಾಲಕರಿಗೆ ಆ ಬಾಡಿಗ್ಯಾಗ ಒಂದು ಹಂಚು ಬದಲಸಲಿಕ್ಕೂ ಆಗತಿದ್ದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು, ಎಲ್ಲಾರದೂ ಪಾಲು. ಒಬ್ಬರು ಅಮೇರಿಕಾ, ಒಬ್ಬರು ನಾಗಪುರ. ಸಹಿ ಕೂಡೂದಿಲ್ಲ, ರಿಪೇರಿ ಆಗೂದಿಲ್ಲ. ಪ್ರತಿ ಮಳಿಗಾಲಕ್ಕ ಮೊದಲ ಮಹಾನಗರಪಾಲಿಕಿ ನೋಟೀಸು, ಅಪಾಯದ ಮನಿ ಖಾಲಿ ಮಾಡ್ರಿ ಅಂತ. ನಾವು ಬಿಟ್ಟರ ಹಕ್ಕು ಹೋಗ್ತದ ಅಂತ ಹೆದರಿ ಕೂಡೂದು, ಅವರು ನಾವು ಬಿಡಲಿ ಅಂತ ಕಾಯೂದು. ಹಿಂಗ ಎರಡ ಪೀಳಿಗಿ ಒಂದ ಛತ್ತಿನ ಕೆಳಗ ಒಬ್ಬರ ಮ್ಯಾಲೊಬ್ಬರು ಸಂಶಯ ಪಟ್ಟಿವಿ. ಕೆಟ್ಟವರು ಯಾರೂ ಇದ್ದಿಲ್ಲ. ಮನಿ ಮಾತ್ರ ನಮ್ಮೆಲ್ಲಾರ ನಡುವ ಕೊಳೀತು.

– ಈಗ ಬಿಲ್ಡರ್ ಜೋಡಿ ಕರಾರ ಆಗೇತಂತ?

– ಆಗ್ಯದ. ನಮಗ ಅಲ್ಲೇ ಹೊಸಾ ಕಟ್ಟಡದಾಗ ಒಂದು ಫ್ಲ್ಯಾಟ್ ಕೊಡತಾರ. ಸಂಡಾಸು ಮನೀ ಒಳಗ, ಅಡಗಿಮನಿಗೆ ಕಿಟಕಿ. ಖರೆ ಹೇಳಬೇಕಂದ್ರ ನನಗ ಆ ಕಿಟಕೀದು ಭಾಳ ಆಶಾ ಅದ. ಮನಿ ಹೋಗೂದಕ್ಕ ಸಂಕಟಾನೂ ಅದ. ಒಂದ ಎದಿಯೊಳಗ ಎರಡೂ ಇರ್ತಾವ. ಯಾವುದು ಖರೆ ಅಂತ ಮಂದಿ ಕೇಳತಾರ. ಎರಡೂ ಖರೆ.

– ನಮ್ಮ ಕಡೆ ಮನಿ ಹೋಗೂದು ಬ್ಯಾರೆ ರೀತಿರಿ. ನೀರಿಲ್ಲಂತ ಮಂದಿ ಬೀಗ ಹಾಕ್ಕೊಂಡು ದುಡ್ಯಾಕ ಹೋಗ್ತಾರು. ಮನಿ ನಿಂತ ಇರ್ತೈತಿ. ಇಲ್ಲಿ ಬಂದಾಗ ಸದಾಶಿವ ಪೇಠ ಹೌದ ಅಂತ ಬಸ್ಸಿನ ನಿಲ್ದಾಣದ ಹೆಸರು ಓದಿ, ಹೌದ ಅಂದ್ರ ನೀರಿನ ತೊಟ್ಟಿ ಅಲ್ಲೇನು, ಊರ ನಡುವ ನೀರಿಂದ ಹೆಸರು ಇಟ್ಟಾರಲ್ಲಾ ಅಂತ ನಿಂತು ನೋಡಿದೆ. ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರಿಯಿಂದ ನೆಲದಾಗ ನಳಗಿ ತಂದು ಇಂಥಾ ಹೌದ ತುಂಬಸ್ತಿದ್ದ. ವಿಜಾಪುರದಾಗೂ ಹಂಗ ಐತ್ರಿ, ತೊರವಿ ಕಡಿಂದ ನೀರು ತಂದು, ಊರಾಗ ಅಲ್ಲಲ್ಲಿ ಗಂಜ್ ಅಂತ ಕಲ್ಲಿನ ಗೋಪುರ ಕಟ್ಟಿ ಒತ್ತಡ ಕಡಿಮಿ ಮಾಡೂದು. ಸಣ್ಣಾಂವ ಇದ್ದಾಗ ನಮ್ಮಪ್ಪ ಒಂದ ಗಂಜ್ ತೋರಿಸಿ, ನೀರು ಬರೂ ಊರಾಗ ಹುಟ್ಟಬೇಕಾಗಿತ್ತಲೇ ಅಂದಿದ್ದ.

– ಇದು ನಿನ್ನ ಪುಸ್ತಕದಾಗಿಲ್ಲ.

– ಇಲ್ರಿ. ಅದರ ಮ್ಯಾಲ ಪ್ರಶ್ನೆ ಬರಾಂಗಿಲ್ಲ.

– ನೀರಿನ ಮಾತು ಬಂತಂತ ಹೇಳತೇನಿ. 1961 ರ ಜುಲೈ 12...

– ಪಾನಶೇತ ಆಣೆಕಟ್ಟು ಒಡದಿದ್ದು. ಅದರ ನೀರಿಗೆ ಖಡಕವಾಸಲಾನೂ ಒಡೀತು. ಪಾಣಿಪತಕ್ಕ ಪಾನಶೇತಕ್ಕ ಇನ್ನೂರ ವರ್ಷ ಅಂತ ನೆನಪಿಟ್ಟೀನಿ.

– ನಾ ಆಗ ಧಾರವಾಡದಾಗ ಸಾಲಿ ಹುಡುಗಿ. ನಮ್ಮ ಮನಿಯವರ ಸೋದರತ್ತಿ ನಾರಾಯಣ ಪೇಠದಾಗ ನದೀ ಕಡೆ ಇದ್ದರು. ಆ ನೀರು ಮನಿ ಹೊಕ್ಕು, ಉಟ್ಟ ಸೀರಿ ಮ್ಯಾಲೆ ನಮ್ಮ ಎರಡ ಖೋಲೀಗೆ ಬಂದವರು, ನಾ ಸೊಸಿ ಆಗಿ ಬಂದಾಗೂ ಇದ್ದರು. ಅವರ ಮನೀದು ಒಂದೂ ಫೋಟೋ ಇಲ್ಲ. ಮದಿವೀದು, ಮುಂಜವೀದು ಇದ್ದವು, ಅವು ಟ್ರಂಕಿನ ಜೋಡಿ ಹೋದವು. ಸಾಯೂ ತನಕಾ ಅವರು ಕೈಲೆ ಗಾಳ್ಯಾಗ ಮನಿ ನಕ್ಷಾ ತಗೀತಿದ್ದರು: ಇಲ್ಲೆ ಬಚ್ಚಲಾ, ಇಲ್ಲೆ ದೇವರ ಮಾಡ, ಇಲ್ಲಿ ಮೂರ ಮೆಟ್ಟಲಾ ಇಳೀಬೇಕು. ಆ ಮೂರ ಮೆಟ್ಟಲಾ ನನಗ ಬಾಯಿಪಾಠ, ನಾ ಒಮ್ಮೆನೂ ತುಳದಿಲ್ಲ. ನನ್ನ ಗಂಡ ಹೋದ ಮ್ಯಾಲೆ ಮಗಳು ಈ ಕ್ಯಾಮೆರಾ ತಂದುಕೊಟ್ಟಳು, ವ್ಯಾಳ್ಯಾ ಹೋಗಲಿ ಅಂತ. ಕೈಯಾಗ ಹಿಡದಾಗ ಮೊದಲ ಬಂದ ನೆನಪು ಆ ಮೆಟ್ಟಲದ್ದು. ವ್ಯಾಳ್ಯಾ ಕಳೀಲಿಕ್ಕೆ ಅಂತ ನಾ ಒಂದೂ ಚಿತ್ರ ತಗದಿಲ್ಲ.

– ಅಂದ್ರ ಹೋಗೂದಕ್ಕ ಮೊದಲ ಹಿಡದು ಇಡೂದು.

– ಅಷ್ಟ ಆಗಿದ್ರ ಬೀಳೂ ಮನೀಗಷ್ಟ ಹೋಗತಿದ್ದೆ. ಹಂಪೀ ಚಿತ್ರದ ಪುಸ್ತಕ ಒಂದದ, ನೋಡೀಯೇನು? ಗ್ರೀನ್‌ಲಾ ಅಂತ ಕಂಪನಿ ಸರಕಾರದ ಒಬ್ಬ ಸೈನ್ಯಾಧಿಕಾರಿ. 1856 ರಾಗ ಹಂಪೀಗೆ ಹೋಗಿ ಮೇಣ ಹಚ್ಚಿದ ಕಾಗದದ ಮ್ಯಾಲೆ ಚಿತ್ರ ತಗದ. 1983 ರಾಗ ಗೋಲಿಂಗ್ಸ್ ಅನ್ನೂ ಆಸ್ಟ್ರೇಲಿಯಾದವರು ಅವನು ಕ್ಯಾಮೆರಾ ಇಟ್ಟ ಜಾಗಾ ಹುಡಿಕಿ, ಅಲ್ಲೇ ನಿಂತು ಮತ್ತ ತಗದರು. ಎರಡೂ ಎದುರು ಬದುರು ಇಟ್ಟು ನೋಡಿದ್ರ, ನಾವು ಹೋಗಬಹುದು ಅಂದ್ಕೊಂಡದ್ದು ಹೋಗಿರೂದಿಲ್ಲ. ಹಾಳೂರು ಅಂತೇವಿ, ಕಲ್ಲು ಅಲ್ಲೇ ನಿಂತಾವ. ಅದನ್ನ ನೋಡಿದ ಮ್ಯಾಲೆ ನಾನೂ ಒಂದ ಕಿಟಕಿಯಿಂದ ಒಂದ ಜಾಗಾ ಮತ್ತ ಮತ್ತ ತಗೀಲಿಕ್ಕೆ ಶುರು ಮಾಡಿದೆ. ಹೋದದ್ದು ಏನು ಗೊತ್ತದೇನು? ಮನಿಯಲ್ಲ. ಸೈಕಲ್ಲು. ಪುಣೆ ಅಂದ್ರ ಆಗ ಸೈಕಲ್ಲಿನ ಊರಾಗಿತ್ತು. ಹಳೇ ಚಿತ್ರದಾಗ ಪ್ರತಿ ಗ್ವಾಡೀಗೂ ಸೈಕಲ್ಲು ಆನಿಸಿ ನಿಂತಾವ. ಮನೀ ಕಡೆ ಎಲ್ಲಾರ ಲಕ್ಷ್ಯ ಇತ್ತು, ಅದು ಹೋಗೂದನ್ನ ಎಲ್ಲಾರೂ ನೋಡಿದಿವಿ. ಸೈಕಲ್ಲು ಹೋಗೂದನ್ನ ಯಾರೂ ನೋಡಲಿಲ್ಲ.

– ಮತ್ತ ಬಂದದ್ದು?

– ನೀವು! ನಿಮ್ಮ ಅಭ್ಯಾಸಿಕಾ, ಮೆಸ್ಸು, ಝೆರಾಕ್ಸು, ರಾತ್ರಿ ಒಂದಕ್ಕ ಚಹಾದ ಗಾಡಿ. ವಾಡೆ ಬಿದ್ದ ಜಾಗಾದಾಗ ಎದ್ದ ಕಟ್ಟಡದಾಗೆಲ್ಲಾ ನೀವ ಇದ್ದೀರಿ. ನಾಂದೇಡ, ಬೀಡ, ಲಾತೂರ, ಜತ್ತ. ಈ ನಿಮ್ಮ ಕಟ್ಟಡದ ಚಿತ್ರ ನನ್ನ ಕಡೆ ಎಷ್ಟ ಆವ ಅಂತೀ. ನಮ್ಮ ಗಚ್ಚಿ ಮ್ಯಾಲಿಂದ ಕಾಣಸ್ತದ.

– ಇದರದಾ? ಇದರಾಗ ಏನೈತ್ರಿ ತಗ್ಯಾಕ? ಸಿಮೆಂಟಿನ ಡಬ್ಬಿ, ಮುಂದ ತಗಡು.

– ಪ್ರತಿ ಕಿಟಕಿಗೂ ಒಂದ ಬಣ್ಣದ ಟಾವೆಲ್ಲು. ಸರಳಿನ ಸಂದ್ಯಾಗ ನಿಲ್ಲಸಿದ ನೀರಿನ ಬಾಟಲಿ. ಗ್ವಾಡೀಗೆ ಹಚ್ಚಿದ ನಕಾಶಾ. ರಾತ್ರಿ ಎರಡಕ್ಕ ಎದ್ದರೂ ಯಾವುದರ ಒಂದ ಕಿಟಕ್ಯಾಗ ದೀಪಾ ಇರ್ತದ. ಅತ್ತಿ ಹೋದ ಮನ್ಯಾಗ ದೀಪಾ ಹತ್ತಲಿಲ್ಲ ಅಂತ ಮೂಲೀಮನೀ ಅಕ್ಕಾ ನೋಡಿದರಲ್ಲಾ, ಹಂಗ ನಾ ನಿಮ್ಮ ದೀಪಾ ನೋಡತೇನಿ.

– ಅಜ್ಜಿ, ಒಂದ ಮಾತು ಹೇಳ್ಲೇನ್ರಿ? ನಾ ಇಲ್ಲಿ ಬಂದಾಗಿಂದ ಮನೀಗೆ ಈ ಖೋಲಿ ಫೋಟೋ ಕಳಿಸೇ ಇಲ್ಲ. ಅವ್ವ ವಿಡಿಯೋದಾಗ ಕೇಳ್ತಾಳು, ಎಲ್ಲಿ ಮಲಗ್ತಿ ತೋರಸೋ ಅಂತ. ನಾ ಹೊರಗ ಹೋಗಿ ಎಸ್.ಪಿ. ಕಾಲೇಜಿನ ಮುಂದ ನಿಂತು ಮಾತಾಡ್ತೀನಿ. ಒಮ್ಮೆ ವಿಶ್ರಾಮಬಾಗ ವಾಡೆ ಮುಂದ ತಗಿಸಿದ್ದು ಕಳಿಸೀನಿ. ಅದನ್ನ ನಮ್ಮಪ್ಪ ಊರಾಗ ಎಲ್ಲಾರಿಗೂ ತೋರಿಸ್ಯಾನು. ಇದನ್ನ ಹೆಂಗ ಕಳಸ್ಲಿ? ಒಂದ ಕಾಟು, ಕೆಳಗ ಟ್ರಂಕು. ಎರಡ ಎಕರೆ ಮಾರಿದ್ದು ಇದಕ್ಕೇನು ಅಂದ್ರ?

– ಅಂದಾರೇನು?

– ಅಂದಿಲ್ರಿ. ಅನ್ನೋರಲ್ಲ ಅವರು. ಆದ್ರ ನನ್ನ ಜೋಡಿ ಸಾಲಿ ಕಲತವರು ಯಾರೋ ಅಂಗಡಿ ಹಾಕ್ಯಾರು, ಯಾರೋ ಗಾಡಿ ತಗೊಂಡಾರು, ಮಕ್ಕಳಾಗ್ಯಾವು. ಅವರ ಕಡೆ ಫೋಟೋ ತಗ್ಯಾಕ ಏನರ ಐತಿ. ನನ್ನ ಕಡೆ ಏನೈತಿ? ಕುಂತೀನಿ. ಮೊನ್ನೆ ಕುಂತಿದ್ದೆ, ಇವತ್ತು ಕುಂತೀನಿ. ಪೂರ್ವಪರೀಕ್ಷೆ ಪಾಸಾದ್ರ ಮುಖ್ಯ ಪರೀಕ್ಷೆಗೆ ಕುಂಡ್ರೂದು. ಕುಂತವನ ಫೋಟೋ ಯಾರು ತಗೀತಾರು?

– ನಿಂದರು. ಫೋಟೋದಾಗ ಉಳಿಯಾಂವ ಅಲ್ಲಾಡದ ಇದ್ದಾಂವ. 1838 ರಾಗ ಪ್ಯಾರಿಸ್ಸಿನಾಗ ಡಾಗೇರ್ ಅನ್ನಾಂವ ತನ್ನ ಮನೀ ಮ್ಯಾಲಿನ ಕಿಟಕಿಯಿಂದ ಒಂದು ದೊಡ್ಡ ಬೀದೀ ಚಿತ್ರ ತಗದ. ಆಗ ತಗಡಿನ ಮ್ಯಾಲೆ ಚಿತ್ರ ಮೂಡಲಿಕ್ಕೆ ಎಷ್ಟೋ ಮಿನಿಟು ಬೇಕಾಗತಿತ್ತು. ಕುದುರಿ ಗಾಡಿ, ಮಂದಿ, ಗದ್ದಲಾ ಎಲ್ಲಾ ಇದ್ದ ಬೀದಿ. ಯಾರೂ ಮೂಡಲಿಲ್ಲ, ಎಲ್ಲಾರೂ ಓಡಾಡಲಿಕ್ಕೆ ಹತ್ತಿದ್ದರಲ್ಲಾ. ಮೂಡಿದಾಂವ ಒಬ್ಬ. ಬೂಟು ಪಾಲಿಶ್ ಮಾಡಿಸಿಕೊಳ್ಳಲಿಕ್ಕೆ ಮೂಲ್ಯಾಗ ಒಂದ ಕಾಲು ಎತ್ತಿ ನಿಂತಿದ್ದ. ಅಲ್ಲೇ ಇದ್ದ, ಅದಕ್ಕ ಉಳದ.

– ಬೂಟು ಪಾಲಿಶ್ ಮಾಡಾಂವ?

– ಅವನೂ ಇದ್ದಾನ. ಮಸಕ ಮಸಕ.

– ಅವನ ಕೈ ಅಲ್ಲಾಡ್ತಿತ್ತು ಅದಕ್ಕ ಮಸಕ. ನೀವು ಸಮಾಧಾನಕ್ಕ ಹೇಳ್ಲಿಕತ್ತೀರಿ ಅಂತ ಗೊತ್ತೈತ್ರಿ ಅಜ್ಜಿ, ಆದ್ರ ನಿಂತ ಮನಷ್ಯಾ ತನ್ನ ಬೂಟು ಹೊಳೀತಂತ ಹೋಗ್ಯಾನು. ಕುಂತಾಂವ ಅಲ್ಲೇ ಕುಂತಿರ್ತಾನು, ಮುಂದಿನವನ ಬೂಟಿಗೆ. ನಾ ಯಾವಾಂವ ಅಂತ ಇನ್ನೂ ತಿಳೀವಲ್ದು.

– ಇದು ನನಗ ಹೊಳದಿರಲಿಲ್ಲ. ನೀ ಹೇಳೂದು ಖರೆ ಅದ. ಸಮಾಧಾನದ ಮಾತು ಬಿಡತೇನಿ, ನೋಡಿದ್ದು ಹೇಳತೇನಿ. ಎರಡು ಸಾವಿರದ ಇಪ್ಪತ್ನಾಲ್ಕರ ಆಗಸ್ಟಿನಾಗ, ಬ್ಯಾಂಕಿನ ಪರೀಕ್ಷಾ, ನಿಮ್ಮ ಆಯೋಗದ ಪರೀಕ್ಷಾ ಒಂದ ದಿನಾ ಬಂತಂತ ನೀವೆಲ್ಲಾ ಶಾಸ್ತ್ರೀ ರಸ್ತೆದಾಗ ಕೂತಿದ್ದಿರಿ.

– ಹೌದ್ರಿ, 25 ರ ಪರೀಕ್ಷೆ. ಮುಂದ ಹಾಕಿದ್ರು.

– ನಾನೂ ಬಂದಿದ್ದೆ ಕ್ಯಾಮೆರಾ ತಗೊಂಡು. ರಾತ್ರಿ. ಮೊಬೈಲಿನ ದೀಪಾ ಹಚ್ಚಿಕೊಂಡು ರಸ್ತೆ ತುಂಬ ಕೂತಿದ್ದಿರಿ. ಹೊಟ್ಟೀಗೆ ತಿಂದೀರೋ ಇಲ್ಲೋ. ನಡುವ ಒಬ್ಬಾಕಿ ಹುಡುಗಿ ಆ ಗದ್ದಲದಾಗೂ ತೊಡೀ ಮ್ಯಾಲೆ ಪುಸ್ತಕ ಇಟ್ಟು ಓದಲಿಕ್ಕೆ ಹತ್ತಿದ್ದಳು. ತಗೀಲೇನವಾ ಅಂತ ಕೇಳಿದೆ. ತಗೀರಿ, ಮಾರಿ ಬ್ಯಾಡ ಅಂದಳು. ಕೈ ಮತ್ತ ಪುಸ್ತಕ ಅಷ್ಟ ತಗದೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರ ನೋಡಿ ನಾ ಕಲತದ್ದು ಇಷ್ಟ, ದೊಡ್ಡ ಸುದ್ದಿ ನಡದಾಗೂ ಸಣ್ಣ ಮನಷ್ಯಾ ಏನ ಮಾಡಲಿಕ್ಕೆ ಹತ್ತ್ಯಾನ ಅಂತ ನೋಡೂದು. ಆ ಕೈ ನೋಡಿದಾಗ ನನಗ ನಮ್ಮ ನಳದ ಕಲ್ಲಿನ ತಗ್ಗು ನೆನಪಾತು. ಪುಸ್ತಕದ ಮೂಲಿ ತಿರಿವಿ ತಿರಿವಿ ಸವದು ದುಂಡಗಾಗಿತ್ತು. ನಿನ್ನ ಪುಸ್ತಕಾನೂ ಹಂಗ ಆಗ್ಯಾವ ನೋಡು. ಕುಂತೀನಿ ಅಂತೀ, ಇದು ಬರೇ ಕೂತವನ ಪುಸ್ತಕ ಅಲ್ಲ.

– ಕೇಳಿದ್ರ ಮಂದಿ ಮಾರಿ ಬದಲಾಗ್ತೈತಲ್ರಿ? ನೆಟ್ಟಗ ನಿಂತು ನಗ್ತಾರು. ಕೇಳದ ತಗದ್ರ ಖರೆ ಮಾರಿ ಸಿಗ್ತಿತ್ತು.

– ಖರೆ ಮಾರಿ ಕದ್ದು ತರೂದಿದ್ರ ಸಿಗ್ತದ. ನಾ ಇಲ್ಲೇ ಇರಾಕಿ, ನಾಳೆ ಅವರ ಮುಂದ ತರಕಾರಿ ತಗೋಬೇಕು. ಕೇಳತೇನಿ, ನಗತಾರ, ಅದನ್ನೂ ತಗೀತೇನಿ, ಪ್ರಿಂಟು ಕೊಡತೇನಿ. ಮರದಿನಾ ಮತ್ತ ಹೋಗತೇನಿ. ಎರಡ ಮೂರ ಸಲಾ ಆತಂದ್ರ ಈ ಮುದುಕಿ ದಿನಾ ಬರಾಕಿ ಅಂತ ತಮ್ಮ ಕೆಲಸಕ್ಕ ಹತ್ತತಾರ. ಇಸ್ತ್ರೀ ಮಾಡಾಂವ, ಹೂವಿನಾಕಿ, ನಾಗನಾಥ ಪಾರದ ಹತ್ರ ಪೇಪರ್ ಓದಕೋತ ಕೂಡೂ ಮುದುಕರು, ಎಲ್ಲಾರೂ ಹಿಂಗ. ಒಬ್ಬಾಕಿಗೆ ಮಗನ ಲಗ್ನದಾಗ ಹಾಕಲಿಕ್ಕೆ ಗಂಡನ ಫೋಟೋ ಬೇಕಾಗಿತ್ತು. ಬ್ಯಾರೆ ಯಾವುದೂ ಇದ್ದಿಲ್ಲ, ನಾ ತಗದ ಇಸ್ತ್ರೀ ಪೆಟಗಿ ಹಿಡದದ್ದ ದೊಡ್ಡದು ಮಾಡಿ ಹಾರಾ ಹಾಕಿದರು.

– ಈ ಖೋಲೀದು ತಗೀರಿ.

– ಹಾಂ?

– ಈ ಖೋಲೀದೂ ಒಂದು ತಗೀರಿ ಅಂದೆ. ಕಾಟು, ಟ್ರಂಕು, ಎಲ್ಲಾ ಬರೂಹಂಗ. ನಾ ಕುಂಡ್ರತೀನಿ. ಇವತ್ತ ಅವ್ವಗ ಕಳಸ್ತೀನಿ. ತಡೀರಿ, ಆ ಟಾವೆಲ್ ತಗೀತೀನಿ.

– ಟಾವೆಲ್ ಇರಲಿ, ನಿಮ್ಮವ್ವಗ ಗೊತ್ತಿರೂ ಟಾವೆಲ್ ಇದ್ದೀತು.

– ಹೌದ್ರಿ, ಊರಾಗಿಂದ ತಂದಿದ್ದ.

– ಹಂಗಿದ್ರ ಅದು ಮೊದಲ ಬರಬೇಕು. ಕೂಡು. ಇತ್ತ ನೋಡಬ್ಯಾಡ, ಏನ ಓದಲಿಕ್ಕೆ ಹತ್ತಿದ್ದಿ ಅದನ್ನ ಓದು... ಆತು. ಇನ್ನೊಂದು. ಆತು. ಈಗ ನನ್ನ ಕೆಲಸ. ಬಾಗಲಕ್ಕ ಬಿಸಲು ಬಂತು, ನೋಡಿದೇನು? ಹತ್ತ ಮಿನಿಟು ಇರ್ತದ. ಈ ಕ್ಯಾಮೆರಾ ನೀ ಹಿಡಿ.

– ನಾನಾ? ನನಗ ಬರಾಂಗಿಲ್ರಿ.

– ಮಟ್ಟಸ ಹಿಡಿ, ಇಷ್ಟ. ಕಿಟಕಿ ಚೌಕಟ್ಟಿನ ಮ್ಯಾಲೆ ಮೊಣಕೈ ಊರು. ಎಡಗಡೆ ಕಂಬ ನೆಟ್ಟಗ ಕಾಣಬೇಕು. ನಾ ಕೆಳಗ ಹೋಗಿ ದಿಂಡಿ ಬಾಗಲದಾಗ ನಿಲ್ಲತೇನಿ. ಹಳೇ ಕಾಲದಾಗ ಗುಡಿ ಚಿತ್ರ ತಗಿಯೋರು ಬಾಗಲದಾಗ ಒಬ್ಬ ಮನಷ್ಯಾನ ನಿಲ್ಲಸ್ತಿದ್ದರು, ಅಳತೀಗೆ. ಮನಿ ಎಷ್ಟ ಎತ್ತರ ಇತ್ತು ಅಂತ ಮುಂದ ನೋಡಿದವರಿಗೆ ತಿಳೀಬೇಕಲ್ಲಾ. ನಾ ಐದು ಅಡಿಗೆ ಒಂದ ಇಂಚು ಕಡಿಮಿ, ಹಿಂದ ಬರದು ಇಡು.

– ನಡುವ ಯಾರರ ಗಾಡಿ ತಗೊಂಡು ಬಂದ್ರ?

– ಬರಲಿ.

– ನಮ್ಮ ಗೆಳ್ಯಾರು ಮೆಸ್ಸಿಂದ ಬರೂ ಹೊತ್ತು ಆತ್ರಿ. ಅಡ್ಡ ಬರ್ತಾರು.

– ಅವರು ಹೋಗಲಿ ಅಂತ ಕಾಯಬ್ಯಾಡ. ಬಾಗಲದ ಮುಂದ ಬಂದಾಗ ಒತ್ತು.